ಮೂವತ್ತನೇ ನಂಬರಿನ ಅಂಗಿ

ನಮ್ಮ ಮನೆಯಲ್ಲಿ ಯಾವ ದೊಡ್ಡ ಮಾತಾದರೂ ಊಟದ ಹೊತ್ತಿಗೇ ಶುರುವಾಗುತ್ತದೆ. ಹಸಿದವರು ಅರ್ಧಕ್ಕೆ ಎದ್ದು ಹೋಗುವುದಿಲ್ಲ ಎಂಬ ಧೈರ್ಯ ಇರಬೇಕು. ಅವತ್ತು ನಾನಿನ್ನೂ ಅನ್ನದ ಪಾತ್ರೆ ಒಲೆಯಿಂದ ಇಳಿಸಿರಲಿಲ್ಲ, ನನ್ನ ಗಂಡ ಶುರು ಹಚ್ಚಿಕೊಂಡರು.

"ಡಾಕ್ಟರು ಏನಂದ್ರು ಅಂತ ಅಪ್ಪ ಹೇಳ್ತಾರೋ, ನಾನೇ ಹೇಳ್ಲೋ?"

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ನಮ್ಮದು ಲಾಂಡ್ರಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಕೋಣೆಯಲ್ಲಿ ದೊಡ್ಡ ವಾಷಿಂಗ್ ಮಷೀನು, ಎರಡರ ನಡುವೆ ಇಸ್ತ್ರಿ ಮೇಜು. ಆ ಮೇಜಿನ ಮುಂದೆ ನಿಂತೇ ಮಾವ ಕೂದಲು ನರೆಸಿಕೊಂಡವರು. ಈಗ ಅವರ ಬಲ ತೋಳು ಮೇಲಕ್ಕೆ ಏಳುವುದನ್ನೇ ಬಿಟ್ಟಿತ್ತು. ಎಡಗೈಯಲ್ಲಿ ಪ್ರಯತ್ನ ಮಾಡಿ ಒಬ್ಬ ವಕೀಲರ ಬಿಳಿ ಅಂಗಿ ಸುಟ್ಟಿದ್ದೂ ಆಗಿತ್ತು.

"ಇಸ್ತ್ರಿ ಮುಟ್ಟಲೇಬಾರದು ಅಂದ್ರು," ಎಂದು ಇವರೇ ಹೇಳಿದರು. "ಇನ್ನು ಎರಡೇ ದಾರಿ. ಮುಂದಿನ ಕೋಣೆ ಬಾಡಿಗೆಗೆ ಕೊಡೋಣ, ಮೊಬೈಲ್ ಅಂಗಡಿಯೋನು ಕೇಳ್ತಾನೇ ಇದಾನೆ. ಇಲ್ಲ ಅಂದ್ರೆ ಪುಟ್ಟಿ ಆಟ ಬಿಟ್ಟು ಇಸ್ತ್ರಿ ಹಿಡೀಲಿ."

ನಾನೂ ಅಲ್ಲೇ ಸೌಟು ಹಿಡಿದು ನಿಂತಿದ್ದೆ. ಹಾಸಿಗೆ ಹೊದಿಕೆ, ಪರದೆಗಳಿಗೆಲ್ಲ ಇಸ್ತ್ರಿ ಹಾಕುವವಳು ನಾನೇ. ಅಂಗಿಯ ಕಾಲರನ್ನು ಮಾತ್ರ ಮಾವ ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ಎರಡೇ ದಾರಿ ಅಂದರು, ಆಯಿತು. ಮೂರನೆಯದು ಎದುರಿಗೇ ನಿಂತು ಬಡಿಸುತ್ತಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ. ಇರಲಿ.

ಪುಟ್ಟಿ ಎಂದರೆ ನನ್ನ ನಾದಿನಿ. ಹೆಸರು ಕೇಳಿ ಮೋಸ ಹೋಗಬೇಡಿ, ನಮ್ಮ ಬಾಗಿಲಲ್ಲಿ ಅವಳು ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಅವಳು ಸಣ್ಣವಳಿದ್ದಾಗಲೇ ಅತ್ತೆ ತೀರಿಕೊಂಡದ್ದರಿಂದ ಮಾವನ ತಾಯಿ, ಅಂದರೆ ನಮ್ಮ ಅಜ್ಜಿ, ಸಾಕಿದರು. ಆ ವರ್ಷ ಅವಳನ್ನು ನಮ್ಮೂರಿನ ಕ್ಲಬ್ಬಿನವರು ಗೋಲ್‌ಕೀಪರ್ ಆಗಿ ತಂಡಕ್ಕೆ ಸೇರಿಸಿಕೊಂಡಿದ್ದರು. ಸಣ್ಣ ತಂಡವೇನಲ್ಲ, ಇಡೀ ದೇಶದ ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗಿನಲ್ಲಿ ಆಡುವ ತಂಡ.

"ಇದೊಂದು ಸೀಸನ್ ಬಿಡಣ್ಣ," ಎಂದಳು ಪುಟ್ಟಿ. "ಇಷ್ಟು ವರ್ಷ ಒದ್ದಾಡಿ ಈಗ ಒಳಗೆ ಕಾಲಿಟ್ಟಿದೀನಿ."

"ಕಾಲಿಟ್ಟಿರೋದು ಸರಿ. ಆಡಿಸ್ತಾರಾ?" ನನ್ನ ಗಂಡ ಬಸ್ಸಿನಲ್ಲಿ ಟಿಕೆಟ್ ಚೆಕ್ಕರ್. ಟಿಕೆಟ್ ಇಲ್ಲದೆ ಕೂತವರನ್ನು ಹಿಡಿದು ಇಳಿಸುವುದೇ ಕೆಲಸ. ಮನೆಗೆ ಬಂದು ಅಂಗಿ ಬಿಚ್ಚುತ್ತಾರೆ, ಆ ಕಣ್ಣನ್ನು ಮಾತ್ರ ಬಿಚ್ಚಿಡುವುದಿಲ್ಲ.

ಆಗ ಮಾವ ಬಾಯಿಬಿಟ್ಟರು. "ಆಡಿದ್ರೆ ಸರಿ. ಗೋಲ್ ಕಾಯ್ತೀನಿ ಅಂತ ಹೋಗಿ ಬೆಂಚು ಕಾಯೋದಾದ್ರೆ ಬೇಡ. ಸೀಸನ್ ಮುಗಿಯೋ ಹೊತ್ತಿಗೆ ನೀನು ಆಡೋಳು ಅಂತ ಆದ್ರೆ ಅಂಗಡಿ ಕಥೆ ನಾನು ನೋಡ್ಕೋತೀನಿ. ಇಲ್ಲಾ, ಬಂದು ಮೇಜಿನ ಮುಂದೆ ನಿಂತ್ಕೊ."

"ಆಯ್ತಪ್ಪ," ಎಂದಳು ಪುಟ್ಟಿ. ಅಜ್ಜಿ ಯಾರನ್ನೂ ನೋಡದೆ ಮೊಸರು ಕೇಳಿದರು.

ಕ್ಲಬ್ಬಿನ ಬಟ್ಟೆ ನಮ್ಮಲ್ಲೇ ಒಗೆಯಲಿ ಎಂದು ಮಾತಾಡಿಸಿ ತಂದವಳೂ ಪುಟ್ಟಿಯೇ. ಬೇರೆ ಊರಿನಲ್ಲಿ ಆಡಿದ ಬಟ್ಟೆಯನ್ನು ಆಯಾ ಊರಿನಲ್ಲೇ ಒಗೆಸಿಕೊಂಡು ಬರುತ್ತಿದ್ದರು. ಇಲ್ಲಿ ಆಟ ನಡೆದ ದಿನ ಸಂಜೆ ಕ್ಲಬ್ಬಿನ ವ್ಯಾನು ಎರಡು ದೊಡ್ಡ ಬಲೆಚೀಲ ಇಳಿಸಿ ಹೋಗುತ್ತಿತ್ತು. ಆಟ ನೋಡಲು ನಾವ್ಯಾರೂ ಹೋಗುತ್ತಿರಲಿಲ್ಲ. ರಜಾ ದಿನದ ಮಧ್ಯಾಹ್ನ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಇವರಿಗೆ ಡ್ಯೂಟಿ. ಮಾವನಂತೂ ಪುಟ್ಟಿ ಶಾಲೆಯಲ್ಲಿದ್ದಾಗ ಒಮ್ಮೆ ಹೋಗಿ, ಚೆಂಡು ಬಡಿದು ಅವಳ ಮೂಗಿನಿಂದ ರಕ್ತ ಸುರಿದದ್ದು ಕಂಡ ಮೇಲೆ ಆ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ. ಟಿವಿಯಲ್ಲಿ ದೊಡ್ಡ ಕ್ಲಬ್ಬುಗಳ ಆಟ ಮಾತ್ರ ಬರುತ್ತಿತ್ತು. ಗೆದ್ದರೋ ಸೋತರೋ ಎಂದು ಇವರು ಫೋನಿನಲ್ಲಿ ನೋಡಿ ಹೇಳುತ್ತಿದ್ದರು, ಅಷ್ಟೇ.

ಚೀಲ ಬಿಚ್ಚಿ ಬಟ್ಟೆ ವಿಂಗಡಿಸುವುದು ಅಜ್ಜಿಯ ಕೆಲಸ. ಕಣ್ಣು ಮಂಜಾಗಿದ್ದರೂ ಕೈಗೆ ಎಲ್ಲ ತಿಳಿಯುತ್ತಿತ್ತು. ಹಿತ್ತಲ ಮೆಟ್ಟಿಲ ಮೇಲೆ ಕೂತು ಅಂಗಿ ಬೇರೆ, ಚಡ್ಡಿ ಬೇರೆ, ಕಾಲುಚೀಲ ಬೇರೆ ಮಾಡಿ ಒಳಗೆ ಕೊಡುತ್ತಿದ್ದರು. ಅಲ್ಲಿಂದ ಮುಂದೆ ಮಾವನದು. ಒಂದೊಂದೇ ಅಂಗಿಯನ್ನು ದೀಪದ ಕೆಳಗೆ ಎತ್ತಿ ಕಲೆ ನೋಡಿ, ಸೋಪು ಸವರಿ, ಮಷೀನಿಗೆ ಹಾಕುವುದು. ಭುಜ ಹೋದರೂ ಕಣ್ಣು ಹೋಗಿರಲಿಲ್ಲ. ಆ ಮಷೀನು ಗಿರಾಕಿಗಳದು ಎಂಬುದು ಮಾವನ ಕಾನೂನು. ಮನೆ ಬಟ್ಟೆಯ ಒಂದು ಕರವಸ್ತ್ರವೂ ಅದರೊಳಗೆ ಹೋಗುವ ಹಾಗಿಲ್ಲ, ನಮ್ಮದೇನಿದ್ದರೂ ಹಿತ್ತಲ ಕಲ್ಲು.

ಕೀಪರುಗಳ ಅಂಗಿ ಹಳದಿ, ಎರಡಿರುತ್ತಿದ್ದವು. ಒಂದನೇ ನಂಬರಿನದು ಒಂದು, ಮೂವತ್ತನೇ ನಂಬರಿನದು ಇನ್ನೊಂದು. ಮೂವತ್ತು ನಮ್ಮ ಪುಟ್ಟಿಯದು.

ಮೊದಲ ಆಟದ ಸಂಜೆ ಮಾವ ಮೂವತ್ತನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಎಡ ಮೊಣಕೈ, ಎಡ ಪಕ್ಕೆ, ಎಲ್ಲ ಕೆಂಪು ಮಣ್ಣು.

"ಏನಮ್ಮಾ, ನೋಡಿಲ್ಲಿ," ಎಂದು ನನ್ನನ್ನು ಕರೆದರು. "ಎಡಗಡೆಗೇ ಜಾಸ್ತಿ ಬಿದ್ದಿದಾಳೆ. ಎಡಕ್ಕೇ ಹೊಡೆದಿರಬೇಕು ಆ ಹುಡುಗೀರು."

"ಅದೆಲ್ಲಾ ಗೊತ್ತಾಗುತ್ತಾ ಮಾವ?"

"ಬಟ್ಟೆ ಹೇಳುತ್ತೆ."

ಪುಟ್ಟಿ ಬಸ್ಸಿಳಿದು ಬಂದಾಗ ಮಾವ ಊಟಕ್ಕೆ ಕೂತಿದ್ದರು. "ಏನೇ, ಎಡಕ್ಕೆ ಚೆನ್ನಾಗೇ ಹಾರಿದೀಯಾ ಇವತ್ತು?" ಎಂದರು. ಅವಳು ಗೋಡೆಗೆ ತೂಗುಹಾಕಿದ್ದ ಅಂಗಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ ಅವಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿ, "ತಿನ್ನು, ಸುಸ್ತಾಗಿದೀಯ," ಎಂದರು. ತೆರೆದ ಬಾಯಿ ಮೊಟ್ಟೆಗೆ ಹೋಯಿತು.

ಅಲ್ಲಿಂದ ಮುಂದೆ ಮಾವನಿಗೆ ಅದೊಂದು ಹುಚ್ಚು. ಕೋಟು ಕೊಡಲು ಬಂದ ಗಿರಾಕಿಗಳಿಗೂ ಅಂಗಿ ತೋರಿಸುವುದು. "ನೋಡಿ, ಇಲ್ಲಿ ಜಾರಿದಾಳೆ. ಇಲ್ಲಿ ಮಂಡಿ ಊರಿದಾಳೆ." ಗಿರಾಕಿಗಳಿಗೇನು, ರಸೀದಿ ಸಿಗುವವರೆಗೆ ಹೂಂಗುಟ್ಟಿ ಹೋಗುತ್ತಿದ್ದರು. ಭುಜದ ನೋವಿನ ಮಾತೇ ಕಡಿಮೆಯಾಯಿತು. ಒಂದು ದಿನ ಶಿಳ್ಳೆ ಹಾಕುತ್ತಾ ಮಷೀನು ಒರೆಸುತ್ತಿದ್ದದ್ದನ್ನು ನಾನೇ ಕಿವಿಯಾರೆ ಕೇಳಿದೆ. ಮಾವ ಶಿಳ್ಳೆ ಹಾಕುವುದು ಎಂದರೆ ಹುಡುಗಾಟವಲ್ಲ.

ಲೀಗಿನ ಮಧ್ಯದಲ್ಲಿ ಹಳೆಯ ಮೈದಾನವನ್ನು ನೀರಿನ ಪೈಪಿಗಾಗಿ ಅಗೆದು ಹಾಕಿದರು. ಆಟ, ಅಭ್ಯಾಸ ಎಲ್ಲ ಊರಾಚೆಯ ಹೊಸ ಮೈದಾನಕ್ಕೆ ಹೋದವು. ಅಲ್ಲಿರುವುದು ಪ್ಲಾಸ್ಟಿಕ್ ಹುಲ್ಲು. ಹುಲ್ಲಿನ ನಡುವೆ ಕಪ್ಪು ರಬ್ಬರಿನ ಕಾಳು ಸುರಿದಿರುತ್ತಾರೆ, ಬಿದ್ದವರಿಗೆ ಮೆತ್ತಗಿರಲಿ ಎಂದು. ನಮಗೆ ಅದು ಗೊತ್ತಾದದ್ದು ಬಟ್ಟೆ ಬಂದಾಗ. ಕಾಲುಚೀಲ ಕೊಡವಿದರೆ ಸಾಕು, ನೆಲದ ತುಂಬ ಕಪ್ಪು ಕಾಳು.

"ಇದ್ಯಾರೇ ಸಾಸಿವೆ ಚೆಲ್ಲಿದ್ದು?" ಎಂದರು ಅಜ್ಜಿ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಸಾಸಿವೆ ಎಂದೇ ಆಯಿತು. ಹೊಲಿಗೆಯ ಸಂದಿಯಲ್ಲಿ ಸಾಸಿವೆ, ಚಾಪೆಯ ಕೆಳಗೆ ಸಾಸಿವೆ, ಒಂದು ದಿನ ಚಹಾದ ಲೋಟದಲ್ಲೂ ಸಾಸಿವೆ. ಮಷೀನಿನ ನೀರು ಹೋಗುವ ಜಾಲರಿ ಕಟ್ಟಿಕೊಂಡು ಮಾವ ನೆಲದ ಮೇಲೆ ಮೊಣಕಾಲೂರಿ ಅದನ್ನು ಬಿಚ್ಚಿ ಕೀಳಬೇಕಾಯಿತು. "ಹಾಳಾದ್ದು, ಮಷೀನ್ ತಿಂದು ಹಾಕುತ್ತೆ," ಎಂದು ಬೈಯುತ್ತಲೇ ಬಳಿದರು.

ಅದೇ ಸಂಜೆ ಮಾವ ಎರಡು ಹಳದಿ ಅಂಗಿಗಳನ್ನು ದೀಪದ ಕೆಳಗೆ ಹಿಡಿದು ಸುಮ್ಮನೆ ನಿಂತುಬಿಟ್ಟರು. ನಾನು ಏನಾಯಿತೆಂದು ಕೇಳಿದೆ. "ಏನಿಲ್ಲ," ಎಂದರು. ಶಿಳ್ಳೆ ನಿಂತಿತು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಇರುವುದೇ ಕಷ್ಟವಾಯಿತು. ಬೇಳೆ ಬೆಂದಿಲ್ಲ ಎಂದು ಮಾವ ತಟ್ಟೆ ಸರಿಸಿದರು. ಬೇಳೆ ಬೆಂದಿತ್ತು, ನಾನು ಹಿಚುಕಿ ತೋರಿಸಿದೆ. ನಲ್ಲಿ ಸರಿಯಾಗಿ ತಿರುಗಿಸಿಲ್ಲ ಎಂದು ಇವರ ಮೇಲೆ ರೇಗಿದರು. ಗಿರಾಕಿ ಒಬ್ಬರು ಅಭ್ಯಾಸಬಲದಿಂದ, "ಮಗಳು ಹೇಗೆ ಬಿದ್ಲು ಈ ಸಲ?" ಎಂದು ಕೇಳಿದರೆ, "ನಿಮ್ಮ ಪ್ಯಾಂಟು ನಾಡಿದ್ದು ಬನ್ನಿ," ಎಂದುಬಿಟ್ಟರು. ಪುಟ್ಟಿ ಬಂದರೆ ಮಾವ ಆ ಕೋಣೆ, ಅವಳು ಈ ಕೋಣೆ. ನಾನು ನಡುವೆ ಚಹಾ ಹೊತ್ತು ತಿರುಗುವವಳು.

"ಏನ್ರೀ ಆಗಿದೆ ನಿಮ್ಮಪ್ಪಂಗೆ?" ಎಂದು ಇವರನ್ನು ಕೇಳಿದೆ.

"ಭುಜ ನೋಯ್ತಿರಬೇಕು. ಮೊಬೈಲ್ ಅಂಗಡಿಯೋನು ಮತ್ತೆ ಬಂದಿದ್ದ ಕಣೇ."

"ನಿಮಗೆ ಅವನದೇ ಧ್ಯಾನ."

ಕೊನೆಗೆ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಾವ ಒಳಗಿನಿಂದ ಎರಡೂ ಹಳದಿ ಅಂಗಿ ತಂದರು. ಒಂದನೇ ನಂಬರಿನದನ್ನು ಊಟದ ಮೇಜಿನ ಮೇಲೇ ಕೊಡವಿದರು. ಸಾಸಿವೆ ಉದುರಿ ಅನ್ನದ ಪಾತ್ರೆಯ ಸುತ್ತ ಹರಡಿತು. ನಾನು ಗಬಕ್ಕನೆ ಮುಚ್ಚಳ ಮುಚ್ಚಿದೆ. ಆಮೇಲೆ ಮೂವತ್ತನ್ನು ಕೊಡವಿದರು. ಕೆಂಪು ಧೂಳು ಉದುರಿತು. ಸಾಸಿವೆ ಒಂದು ಕಾಳೂ ಇರಲಿಲ್ಲ.

"ಪುಟ್ಟಿ, ಇದು ಯಾವ ಮೈದಾನದ ಮಣ್ಣು?"

ಪುಟ್ಟಿಯ ಕಣ್ಣು ಹಿತ್ತಲ ಬಾಗಿಲ ಕಡೆ ಹೋಯಿತು, ಅದರ ಹಿಂದೆ ನನ್ನದೂ ಹೋಯಿತು. ಮೆಟ್ಟಿಲ ಪಕ್ಕ ಕೆಂಪು ಹೂವಿನ ಗಿಡದ ಕುಂಡ. ಒಂದೆರಡು ತಿಂಗಳಿಂದ ಆ ಗಿಡ ವಾಲುತ್ತಿತ್ತು, ಬುಡದ ಕೆಂಪು ಮಣ್ಣು ಕಡಿಮೆಯಾಗುತ್ತಿತ್ತು. ಬೆಕ್ಕು ಕೆರೆಯುತ್ತದೆ ಎಂದು ನಾನು ಬೆಕ್ಕಿಗೆ ಬೈದದ್ದೇ ಬೈದದ್ದು. ಕುಂಡದಿಂದ ಮೆಟ್ಟಿಲು ಒಂದು ಗೇಣು. ಮೆಟ್ಟಿಲ ಮೇಲೆ ಕೂತು ಚೀಲ ಬಿಚ್ಚುವವರು ಯಾರೆಂದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಜ್ಜಿ ಅನ್ನದಲ್ಲಿ ಕಲ್ಲು ಹುಡುಕುವವರ ಹಾಗೆ ತಟ್ಟೆಗೆ ಮುಖ ಹಾಕಿದ್ದರು.

"ನಾನೇ ಹಚ್ಕೊಂಡೆ," ಎಂದಳು ಪುಟ್ಟಿ.

"ಆಡಿಲ್ವಾ ನೀನು?"

"ಇಲ್ಲಪ್ಪ."

"ಒಂದೂ ಆಟ ಆಡಿಲ್ವಾ?"

"ಇಲ್ಲ. ಎರಡನೇ ಕೀಪರ್ ನಾನು. ಮೊದಲನೆಯವಳಿಗೆ ಏನಾದ್ರೂ ಆದ್ರೆ ಮಾತ್ರ."

ಇವರು ಸುಮ್ಮನಿರುತ್ತಾರೆಯೇ? "ಹಾಗಾದ್ರೆ ಇಷ್ಟು ದಿನ ಟಿಕೆಟ್ ಇಲ್ಲದೆ ಕೂತಿದ್ಯಾ?"

"ನೀವು ಸ್ವಲ್ಪ ಬಾಯಿ ಮುಚ್ಕೊಂಡು ಊಟ ಮಾಡ್ತೀರಾ?" ಎಂದೆ ನಾನು.

ಮಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಗಿರಾಕಿಗಳು ಜೀವಮಾನವೆಲ್ಲಾ ನನ್ನ ಹತ್ರ ಸುಳ್ಳು ಹೇಳಿದಾರೆ," ಎಂದರು. "ಇದು ಚಹಾ ಅಲ್ಲ, ಇದು ಮೊದಲೇ ಇತ್ತು, ಇದು ನಿಮ್ಮಲ್ಲೇ ಆದದ್ದು ಅಂತ. ಕಲೆ ಮಾತ್ರ ನನಗೆ ಸುಳ್ಳು ಹೇಳಿರಲಿಲ್ಲ. ನೀನು ಅದರ ಕೈಲೂ ಹೇಳಿಸ್ಬಿಟ್ಟೆ. ನಾನು ಊರಿಗೆಲ್ಲಾ ತೋರಿಸ್ಕೊಂಡು ಮೆರೆದೆ."

ಪುಟ್ಟಿ ಅಜ್ಜಿಯನ್ನು ನೋಡಲಿಲ್ಲ. "ತಪ್ಪಾಯ್ತು," ಎಂದಳು. "ಕೊಟ್ಟ ಮಾತು ಇದೆಯಲ್ಲ. ಸೀಸನ್ ಮುಗಿದ ಮಾರನೇ ದಿನ ಮೇಜಿನ ಮುಂದೆ ನಿಲ್ತೀನಿ." ಎದ್ದು ತಟ್ಟೆ ತೊಳೆದಿಟ್ಟು ಹೋದಳು. ಸಾಸಿವೆ ಗುಡಿಸುವ ಕೆಲಸ ನನಗೆ ಬಂತು.

ಸೀಸನ್ ಮುಗಿಯುವ ಮೊದಲೇ ಅವಳು ಇಸ್ತ್ರಿ ಕಲಿಯತೊಡಗಿದಳು. ಬೆಳಗ್ಗೆ ಅಭ್ಯಾಸಕ್ಕೆ ಹೋಗುವ ಮುಂಚೆ ಮೇಜಿನ ಮುಂದೆ ಬಂದು ನಿಲ್ಲುವಳು. ಚೆಂಡು ಹಿಡಿಯುವ ಕೈಗೆ ಕಾಲರು ಹಿಡಿಯಲು ಬಾರದು. ಮಾವ ಪಕ್ಕದಲ್ಲಿ ನಿಂತು, ತಪ್ಪಾದರೆ ಅಂಗಿ ಕಿತ್ತುಕೊಂಡು ನೀರು ಚಿಮುಕಿಸಿ ಮತ್ತೆ ಮುಂದಿಡುವರು. ಮತ್ತೆ ತಪ್ಪಾಗುವುದು. ಅಂಗಡಿಯ ತುಂಬ ಸುಟ್ಟ ವಾಸನೆ. ನಾನು ಕೌಂಟರಿನಲ್ಲಿ ಕೂತು ರಸೀದಿ ಹರಿಯುತ್ತಾ, ಆ ಕಾಲರನ್ನು ಒಂದು ಸಲ ನನ್ನ ಕೈಗೆ ಕೊಟ್ಟು ನೋಡಬಾರದೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಅಜ್ಜಿಯ ಕಥೆ ಇನ್ನೂ ಕೆಟ್ಟದಾಗಿತ್ತು. ಕೂತಲ್ಲಿ ಕೂರರು, ನಿಂತಲ್ಲಿ ನಿಲ್ಲರು. ಬಿಳಿ ಬಟ್ಟೆಯ ನಡುವೆ ಕೆಂಪು ಕಾಲುಚೀಲ ಸೇರಿಸಿ ಒಂದು ಹೋಟೆಲಿನ ಕರವಸ್ತ್ರಗಳನ್ನೆಲ್ಲ ಗುಲಾಬಿ ಮಾಡಿದರು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವರು, ಆಮೇಲೆ ನಾನು ನೋಡದಾಗ ಬ್ರೆಡ್ಡು ತಿನ್ನುವರು. ಪುಟ್ಟಿಯ ಹಿಂದೆ ಹಿಂದೆ ಹೋಗುವರು, ಅವಳು ತಿರುಗಿ "ಏನಜ್ಜಿ?" ಎಂದರೆ "ಏನಿಲ್ಲ, ಹುಷಾರಾಗಿ ಹೋಗು," ಎಂದು ವಾಪಸು ಬರುವರು.

ಒಂದು ಮಧ್ಯಾಹ್ನ ಪುಟ್ಟಿ ನನ್ನ ಜೊತೆ ಹಿತ್ತಲಲ್ಲಿ ಹೊದಿಕೆಗಳನ್ನು ಹಗ್ಗಕ್ಕೆ ಹಾಕುತ್ತಿದ್ದಳು. ತೋಳು ಮಡಚಿದಾಗ ಮೊಣಕೈ ನೋಡಿದೆ. ತರಚಿ ಹಕ್ಕಳೆಗಟ್ಟಿತ್ತು.

"ಬೆಂಚ್ ಮೇಲೆ ಕೂರೋಳಿಗೆ ಇದೆಲ್ಲಿಂದ ಬಂತೇ?"

"ಕೂರೋದು ಆಟದ ಹೊತ್ತು ಮಾತ್ರ ಅತ್ತಿಗೆ. ವಾರವೆಲ್ಲಾ ಬೀಳೋಳು ನಾನೇ. ಮೊದಲನೆಯವಳ ಭುಜ ಉಳಿಬೇಕು ಅಂತ ಅಭ್ಯಾಸದಲ್ಲಿ ಎಲ್ಲರೂ ನನಗೇ ಹೊಡೀತಾರೆ. ಮುಂದಿನ ತಂಡ ಹೇಗೆ ಹೊಡೆಯುತ್ತೋ ಹಾಗೆ ಹೊಡೆಸಿ ನೋಡ್ತಾರೆ ಕೋಚ್."

"ಮತ್ತೆ ಆ ಬಟ್ಟೆ? ಒಂದು ದಿನವೂ ಇಲ್ಲಿ ಕಂಡಿಲ್ಲ."

"ಅಭ್ಯಾಸದ ಬಟ್ಟೆ ಕ್ಲಬ್ಬಿನ ಚೀಲಕ್ಕೆ ಸೇರಲ್ಲ, ಅವರವರೇ ಒಗೀಬೇಕು. ಅಲ್ಲೇ ನಲ್ಲಿ ಕೆಳಗೆ ಒಗೆದು ಬೇಲಿ ಮೇಲೆ ಹಾಕ್ತೀನಿ. ಇಲ್ಲಿ ತಂದ್ರೆ ಮಷೀನಿಗೆ ಹಾಕೋ ಹಾಗಿಲ್ಲ, ಕಲ್ಲಿನ ಮೇಲೆ ನೀವು ಕುಕ್ಕಬೇಕು. ನಿಮಗ್ಯಾಕೆ ಇನ್ನೊಂದು?"

"ಇದನ್ನೆಲ್ಲಾ ನಿಮ್ಮಪ್ಪಂಗೆ ಬಾಯಿಬಿಟ್ಟು ಹೇಳ್ಬಾರದಾ?"

"ಮೊದಲನೇ ದಿನಾನೇ ಹೇಳ್ಬೇಕಿತ್ತು. ಎಡಕ್ಕೆ ಹಾರಿದೀಯಾ ಅಂತ ಅಪ್ಪ ಎಷ್ಟು ಖುಷಿಯಾಗಿ ಕೇಳಿದ್ರು ಗೊತ್ತಲ್ಲ. ನನಗೆ ಬಾಯಿ ಬರಲಿಲ್ಲ. ಆಮೇಲೆ ದಿನಾ ಅಜ್ಜಿ ಮೊಟ್ಟೆ ಬೇರೆ ಹಾಕ್ತಾ ಹೋದ್ರು." ನಕ್ಕಳು. ನಗು ಅರ್ಧಕ್ಕೇ ನಿಂತು, ಹೊದಿಕೆಯ ಆಚೆ ಬದಿಗೆ ಹೋಗಿ ಮೂಗು ಒರೆಸಿಕೊಂಡಳು. ನಾನೂ ಅತ್ತರೆ ಇಬ್ಬರೂ ಅಲ್ಲೇ ಕೂತುಬಿಡುತ್ತೇವೆ ಎಂದು, "ಆ ತುದಿ ಸರಿಯಾಗಿ ಎಳಿ," ಎಂದೆ.

ಲೀಗಿನ ಕೊನೆಯ ಆಟ ನಮ್ಮೂರಿನಲ್ಲೇ ಇತ್ತು. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ ಎಂದು ಇವರು ಫೋನು ನೋಡಿ ಹೇಳಿದ್ದರು. ಪುಟ್ಟಿ ಬೆಳಗ್ಗೆಯೇ ಹೊರಟುಹೋದಳು. ಒಗೆದು ಮಡಚಿದ ಬಟ್ಟೆಯ ಚೀಲ ಒಯ್ಯಲು ವ್ಯಾನು ಬರಬೇಕಿತ್ತು. ಮಾವ ಕೊನೆಯ ಸಲ ಎಣಿಸಿ ಕಟ್ಟುತ್ತಿದ್ದಾಗ ಅಜ್ಜಿ ಬಂದು ಎದುರಿಗೆ ನಿಂತರು.

"ಅವಳಲ್ಲ ಕಣೋ."

"ಏನು ಅವಳಲ್ಲ?"

"ಮಣ್ಣು ಹಚ್ಚಿದ್ದು ನಾನು. ಕುಂಡದ್ದು. ನನಗೋಸ್ಕರ ಅವಳು ಬೈಸ್ಕೊಂಡ್ಲು, ನಾನು ಕೂತು ಅನ್ನ ತಿಂದೆ. ಅವತ್ತಿಂದ ಆ ಅನ್ನ ಇಲ್ಲೇ ಕೂತಿದೆ," ಎಂದು ಎದೆ ಮುಟ್ಟಿ ತೋರಿಸಿದರು.

ಮಾವ ದಾರ ಕಟ್ಟುವುದನ್ನು ನಿಲ್ಲಿಸಿದರು. "ಯಾಕಮ್ಮ ಮಾಡ್ದೆ?"

"ಮೊದಲನೇ ಸಲ ಅದು ಕ್ಲೀನಾಗಿ ಬಂತು. ನೀನು ಮೊದಲು ಅದನ್ನೇ ಎತ್ತಿ ನೋಡ್ತೀಯ ಅಂತ ನನಗೆ ಗೊತ್ತಿತ್ತು. ತೋಳು ಹೋಗಿ ನೀನು ಹೇಗೆ ಕೂತಿದ್ದೆ ಆಗ. ನನ್ನ ಕೈ ತಾನಾಗೇ ಕುಂಡಕ್ಕೆ ಹೋಯ್ತು."

"ಅದು ಸರಿ, ಹೊಸ ಮೈದಾನಕ್ಕೆ ಹೋದ್ಮೇಲೂ ಹಚ್ಚಿದೀಯಲ್ಲ. ಅಲ್ಲಿ ಮಣ್ಣೇ ಇಲ್ಲ, ಪ್ಲಾಸ್ಟಿಕ್ಕು."

"ಮಣ್ಣಿಲ್ಲದ ಮೈದಾನ ಇರುತ್ತೇನೋ? ಸಾಸಿವೆ ಮೇಲ್ಗಡೆ, ಕೆಳಗೆ ಮಣ್ಣಿದ್ದೇ ಇರುತ್ತೆ ಅಂದ್ಕೊಂಡೆ. ನನಗೇನು ಕನಸು ಬಿದ್ದಿತ್ತಾ?"

ನನಗೆ ನಗು ತಡೆಯಲಾಗದೆ ಕೌಂಟರಿನ ಕೆಳಗೆ ಏನೋ ಬಿದ್ದಂತೆ ಬಗ್ಗಿದೆ. ಆದರೆ ಅಜ್ಜಿ ಅಳುತ್ತಿದ್ದರು. ಪುಟ್ಟಿ ಅಭ್ಯಾಸದಲ್ಲಿ ಬಿದ್ದು ಎದ್ದು ಮೈ ತರಚಿಕೊಳ್ಳುವುದನ್ನೂ, ನಲ್ಲಿಯ ಕೆಳಗೆ ಬಟ್ಟೆ ಒಗೆಯುವುದನ್ನೂ ನಾನು ಆಗಲೇ ಮಾವನಿಗೆ ಹೇಳಿದೆ. ಮಾವ ದಾರ ಬಿಗಿದು ಗಂಟು ಹಾಕಿದರು. ವ್ಯಾನು ಬಂತು. ಚೀಲಗಳನ್ನು ಹತ್ತಿಸಿ ತಾವೂ ಹತ್ತಿ ಕೂತರು. ಕಾಲಲ್ಲಿ ಬಚ್ಚಲ ಚಪ್ಪಲಿ.

"ಮಾವ, ಅಂಗಡಿ?"

"ನೀನಿದೀಯಲ್ಲ," ಎಂದರು. ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದ ಮಾತು ಅದು.

ಅವತ್ತು ಅಂಗಡಿಯಲ್ಲಿ ಒಂದು ರಾಶಿ ಅಂಗಿ ಕಾದಿದ್ದವು, ಸಂಜೆಗೆ ಕೊಡಬೇಕಾದವು. ನಾನು ಯಾರನ್ನೂ ಕೇಳಲಿಲ್ಲ. ಇಸ್ತ್ರಿ ಹತ್ತಿಸಿದೆ. ಮೊದಲ ಕಾಲರಿಗೆ ಎರಡು ಸಲ ನೀರು ಚಿಮುಕಿಸಬೇಕಾಯಿತು, ಆಮೇಲಿನವಕ್ಕೆ ಒಂದೇ ಸಲ ಸಾಕಾಯಿತು.

ಮಾವ ಸಂಜೆಗೆ ಬಸ್ಸಿನಲ್ಲಿ ಬಂದರು. ಮೇಜಿನ ಮೇಲೆ ಸಾಲಾಗಿ ಮಡಚಿಟ್ಟ ಅಂಗಿಗಳನ್ನು ನೋಡಿದರು, ಮೇಲಿನದರ ಕಾಲರು ಬೆರಳಲ್ಲಿ ಸವರಿದರು. ಚಹಾ ಕೊಟ್ಟರೆ ಮಷೀನಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಕುಡಿದರು.

"ಏನು ನೋಡಿದ್ರಿ ಮಾವ?" ಎಂದೆ.

"ಆಟ ಶುರುವಾಗೋ ಮೊದಲು ನೋಡ್ದೆ. ಒಂದು ಬೂದಿ ಅಂಗಿ ಹಾಕ್ಕೊಂಡಿದ್ಲು. ಬೀಳೋದು, ಏಳೋದು. ಬೀಳೋದು, ಏಳೋದು. ಆಮೇಲೆ ಆ ಅಂಗಿ ಬಿಚ್ಚಿ ಚೀಲಕ್ಕೆ ತುರುಕಿ, ಹಳದಿ ಹಾಕ್ಕೊಂಡು ಹೋಗಿ ಬೆಂಚ್ ಮೇಲೆ ಕೂತ್ಲು. ಜನ ಬಂದು ಕೂತದ್ದು ಆಮೇಲೆ." ಲೋಟ ಕೆಳಗಿಟ್ಟರು. "ಯಾರೂ ನೋಡಿಲ್ಲಮ್ಮ ಅದನ್ನ."

ಇವರು ಡ್ಯೂಟಿ ಮುಗಿಸಿ ಬಂದು ತಟ್ಟೆಯ ಮುಂದೆ ಕೂತರು. ಅಷ್ಟರಲ್ಲಿ ಪುಟ್ಟಿ ತಲೆ ಬಗ್ಗಿಸಿ ಬಾಗಿಲು ದಾಟಿದಳು. ಹೆಗಲಿಗೆ ಚೀಲ.

"ಡ್ರಾ ಆಯ್ತು. ಕೆಳಗಿಳಿಯೋದು ತಪ್ತು," ಎಂದಳು.

"ನೀನು?" ಎಂದರು ಇವರು.

"ಇಲ್ಲಣ್ಣ." ಮಾವನ ಕಡೆ ತಿರುಗಿದಳು. ಅವರು ಬಂದು ಹೋದದ್ದು ಅವಳಿಗೆ ಗೊತ್ತೇ ಇರಲಿಲ್ಲ. "ಮುಂದಿನ ವರ್ಷಕ್ಕೂ ಇರ್ತೀಯಾ ಅಂತ ಕೋಚ್ ಕೇಳಿದ್ರು. ಎರಡನೆಯವಳಾಗೇ. ಅಪ್ಪಂಗೆ ಮಾತು ಕೊಟ್ಟಿದೀನಿ ಅಂದೆ. ನಾಳೆವರೆಗೂ ಯೋಚನೆ ಮಾಡು ಅಂದ್ರು. ಯೋಚನೆ ಮಾಡೋಕೆ ಏನಿದೆ. ಬೆಳಗ್ಗೆ ಎಷ್ಟೊತ್ತಿಗೆ ಇಸ್ತ್ರಿ ಹತ್ತಿಸ್ಲಿ?"

"ಚೀಲ ಕೊಡಿಲ್ಲಿ," ಎಂದರು ಮಾವ.

"ಇದು ನನ್ನದಪ್ಪ. ಕ್ಲಬ್ಬಿಂದಲ್ಲ. ನಲ್ಲಿ ಹತ್ರ ಗಲಾಟೆ ಇತ್ತು, ವಾರದ್ದೆಲ್ಲಾ ಹಾಗೇ ತಂದೆ."

"ಕೊಡು."

ಮಾವ ಎಡಗೈಯಲ್ಲೇ ಚೀಲ ಕಸಿದುಕೊಂಡು ಹಿಂದಿನ ಕೋಣೆಗೆ ಹೋದರು. ಒಳಗಿದ್ದದ್ದನ್ನೆಲ್ಲ ಮಷೀನಿನ ಬಾಯಿಗೆ ಸುರಿದರು. ಕೊಡವಲಿಲ್ಲ, ಕಲೆ ನೋಡಲಿಲ್ಲ, ಸೋಪು ಸವರಲಿಲ್ಲ. ಬೂದಿ ಅಂಗಿಗಳು, ಮೊಣಕಾಲಿಗೆ ತೇಪೆ ಹಾಕಿದ ಉದ್ದ ಚಡ್ಡಿಗಳು, ಕಾಲುಚೀಲಗಳು. ನಾವೆಲ್ಲ ಬಾಗಿಲಲ್ಲಿ ಗುಂಪಾಗಿ ನಿಂತೆವು. ನಾನು ಈ ಮನೆಗೆ ಬಂದಮೇಲೆ ಆ ಮಷೀನಿಗೆ ಮನೆ ಬಟ್ಟೆ ಹೋದದ್ದು ಅದೇ ಮೊದಲು. ಅದು ತಿರುಗಿತು, ಗುಡುಗುಡು ಎಂದಿತು, ಒಮ್ಮೆ ಕೆಮ್ಮಿ ನಿಂತುಬಿಟ್ಟಿತು.

"ಕಟ್ಕೊಂಡಿತು," ಎಂದರು ಅಜ್ಜಿ.

ಮಾವ ಮೊಣಕಾಲೂರಿ ಜಾಲರಿ ಬಿಚ್ಚಿದರು. ಕಪ್ಪು ನೀರು ನಾನು ಆಗಷ್ಟೇ ಒರೆಸಿದ್ದ ನೆಲದ ಮೇಲೆ ಹರಿಯಿತು. ಒಳಗೆ ಕೈ ಹಾಕಿ ಬಳಿದರು, ಮತ್ತೆ ಬಳಿದರು. ಬೊಗಸೆ ತುಂಬಿತು. ಹಾಗೇ ಎದ್ದು, ನೀರು ಸೋರಿಸಿಕೊಂಡು, ಊಟದ ಮೇಜಿನ ಹತ್ತಿರ ಬಂದು ಇವರ ತಟ್ಟೆಯ ಪಕ್ಕ ಸುರಿದರು. ಸಾಸಿವೆಯ ರಾಶಿ.

"ಏನಪ್ಪ ಇದು ಅನ್ನದ ಮುಂದೆ?" ಎಂದರು ಇವರು.

"ಟಿಕೆಟ್ಟು," ಎಂದರು ಮಾವ. "ಎಲ್ಲಾ ಇವಳೊಬ್ಬಳದೇ. ಚೆಕ್ ಮಾಡ್ಕೊ."

ಇವರು ರಾಶಿ ನೋಡಿದರು, ತಂಗಿಯ ಮೊಣಕೈ ನೋಡಿದರು, ಮತ್ತೆ ರಾಶಿ ನೋಡಿದರು. ಒಂದು ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು, "ಅದೆಲ್ಲಾ ಸರಿ, ಇಸ್ತ್ರಿ?" ಎಂದರು ಸಣ್ಣ ದನಿಯಲ್ಲಿ.

"ಕುರುಡಾ ನೀನು?" ಮಾವ ಮುಂದಿನ ಕೋಣೆಯ ಮೇಜು ತೋರಿಸಿದರು. "ನೋಡು ಹೋಗು, ಕಾಲರು. ನಿನ್ನ ಹೆಂಡ್ತಿ ಮಾಡಿದ್ದು."

"ಸಂಜೆ ಅಡುಗೆ ಇನ್ನು ನಿಮ್ಮದು," ಎಂದೆ ನಾನು ಇವರಿಗೆ. ಬಿಸಿ ಇರುವಾಗಲೇ ಹೇಳಿಬಿಡಬೇಕು.

ಪುಟ್ಟಿ ಇನ್ನೂ ಗೋಡೆಗೆ ಒರಗಿಯೇ ನಿಂತಿದ್ದಳು. ಕಣ್ಣು ತುಂಬಿತ್ತು. ಅಜ್ಜಿ ಹೋಗಿ ಅವಳ ಕೈ ಹಿಡಿದುಕೊಂಡು, "ನಾನೇ ಅಂತ ಹೇಳ್ಬಿಟ್ಟೆ ಕಣೇ," ಎಂದರು. ಅವಳು ಅಜ್ಜಿಯ ತಲೆಯ ಮೇಲೆ ಗಲ್ಲ ಊರಿದಳು. ಅಷ್ಟೆತ್ತರ ಇದ್ದರೆ ಅದೊಂದು ಅನುಕೂಲ.

"ಅಪ್ಪ," ಎಂದಳು. "ಮುಂದಿನ ವರ್ಷಾನೂ ನನ್ನ ಆಡಿಸದೇ ಇರಬಹುದು. ಇಡೀ ವರ್ಷ ಹಳದಿ ಅಂಗಿ ಹೀಗೇ ಕ್ಲೀನಾಗೇ ಬರಬಹುದು."

ಮಾವ ಜಾಲರಿಯನ್ನು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು.

"ಬರಲಿ. ಬೂದಿ ಅಂಗಿ ಮಾತ್ರ ದಿನಾ ಮನೆಗೆ ತಾ," ಎಂದು ಹೇಳಿ, ಮಷೀನು ಹತ್ತಿಸಲು ಒಳಗೆ ಹೋದರು.